ಕಾಯಕವನ್ನರಸಿ ಬಂದವರೊಡನೆ ನುಡಿ

ಮಾತಿನ ಮಹತ್ತ್ವವನ್ನು ಶಿವಶರಣರು ಅರಿತಷ್ಟು ಆಳವಾಗಿ ಅರಿತವರು ವಿರಳ. 12ನೆಯ ಶತಮಾನದ ಕಲ್ಯಾಣದಲ್ಲಿ ಅನುಭವಮಂಟಪವು ನಿಂತದ್ದೇ ನುಡಿಯ ಮೇಲೆ. ಅಲ್ಲಿ ಮಡಿವಾಳನೂ ಅಂಬಿಗನೂ ಹಗ್ಗ ಹೊಸೆಯುವವನೂ ಸೌದೆ ಮಾರುವವನೂ ಪ್ರಭುದೇವರ ಸನ್ನಿಧಿಯಲ್ಲಿ ಕುಳಿತು ತಮ್ಮ ಅನುಭಾವವನ್ನು ತಮ್ಮ ಮಾತಿನಲ್ಲಿಯೇ ಹೇಳಿದರು. ಉಳಿದವರು ಆದರದಿಂದ ಆಲಿಸಿದರು. ಆ ಮಾತಿಗೆ ವಚನವೆಂಬ ಹೆಸರು ನಿಂತಿತು. ವಚನವೆಂದರೆ ಆಡಿದ ಮಾತು; ಕೊಟ್ಟ ಮಾತು ಎಂಬ ಅರ್ಥವೂ ಅದಕ್ಕುಂಟು. ಆಡಿದುದೆಲ್ಲವೂ ಕೊಟ್ಟ ಮಾತಿನಂತೆ ಉಳಿಯಬೇಕೆಂಬ ಉಪದೇಶವು ಆ ಹೆಸರಿನಲ್ಲಿಯೇ ಅಡಗಿದೆ.

ನುಡಿಯು ಎಂತಿರಬೇಕೆಂಬುದನ್ನು ಬಸವಣ್ಣನವರು ಒಂದು ವಚನದಲ್ಲಿ ನಿರೂಪಿಸಿದ್ದಾರೆ. ಅದನ್ನು ಅರಿಯದ ಭಕ್ತರ ಮನೆಯಿಲ್ಲ. ಮುತ್ತು, ಮಾಣಿಕ್ಯ, ಸ್ಫಟಿಕ ಎಂಬ ಮೂರು ವಸ್ತುಗಳ ಹೋಲಿಕೆಯನ್ನು ಕೊಟ್ಟು, ನಾಲ್ಕನೆಯದಾಗಿ ಲಿಂಗದ ಒಪ್ಪಿಗೆಯನ್ನೇ ಮಾತಿನ ಒರೆಗಲ್ಲಾಗಿ ಇರಿಸಿ, ನಡೆಯು ನುಡಿಯನ್ನು ಹಿಂಬಾಲಿಸದಿದ್ದರೆ ಸಂಗಮದೇವನು ಒಲಿಯನೆಂದು ಮುಗಿಸಿದ್ದಾರೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಸಭೆಗಳಲ್ಲಿ ಹೇಳುತ್ತಾರೆ, ಹಿರಿಯರು ತಲೆದೂಗುತ್ತಾರೆ. ಆದರೆ ಮಾರನೆಯ ದಿನ ಬೆಳಗ್ಗೆ ಕಚೇರಿಯ ಮೇಜಿನ ಮುಂದೆ ಕುಳಿತಾಗ ಆ ವಚನವು ಜೊತೆಗೆ ಬಂದಿರುತ್ತದೆಯೆ? ಇದನ್ನು ತಿಳಿಯಲು ಈ ಕಾಲದ ಒಂದು ಕಾಯಕವನ್ನು ಎತ್ತಿಕೊಂಡು ವಿಚಾರಿಸುವುದು ಉಚಿತ.

ಇಂದಿನ ಕಾರ್ಖಾನೆಗಳಲ್ಲಿಯೂ ಸಂಸ್ಥೆಗಳಲ್ಲಿಯೂ ನೇಮಕಾತಿ ಅಧಿಕಾರಿ ಎಂಬವನೊಬ್ಬನಿರುತ್ತಾನೆ. ಕೆಲಸಕ್ಕೆ ಜನ ಬೇಕೆಂದು ಪ್ರಕಟಿಸುವುದು, ಬಂದ ಅರ್ಜಿಗಳನ್ನು ನೋಡುವುದು, ತಕ್ಕವರನ್ನು ಸಂದರ್ಶನಕ್ಕೆ ಕರೆಯುವುದು, ಆಯ್ಕೆಯಾದವರಿಗೂ ಆಗದವರಿಗೂ ಫಲವನ್ನು ತಿಳಿಸುವುದು ಅವನ ಕೆಲಸ. ಕಮ್ಮಾರನಿಗೆ ಸುತ್ತಿಗೆಯಿದೆ, ನೇಕಾರನಿಗೆ ಲಾಳಿಯಿದೆ. ಇವನಿಗಿರುವ ಉಪಕರಣ ನುಡಿಯೊಂದೇ. ಕೆಲಸ ಕೊಡುವ ಅಧಿಕಾರ ಬಹುಮಟ್ಟಿಗೆ ಮೇಲಿನವರದು, ಕೆಲಸ ಮಾಡುವ ಶಕ್ತಿ ಬಂದವನದು. ಇವನು ನಡುವಣ ಅಂಬಿಗ. ದೋಣಿ ತನ್ನದಲ್ಲ, ಹೊಳೆಯೂ ತನ್ನದಲ್ಲ. ಆದರೂ ದಡದಲ್ಲಿ ನಿಂತವನು ನೋಡುವುದು ಅಂಬಿಗನ ಮುಖವನ್ನೇ.

ಈ ಕಾಯಕಕ್ಕೆ ಹೊಸದಾಗಿ ಬಂದವನನ್ನು ಮೊದಲು ಕವಿಯುವ ಭ್ರಾಂತಿಯೂ ಇಲ್ಲಿಯೇ ಹುಟ್ಟುತ್ತದೆ. ದಿನವೂ ಹತ್ತಾರು ಮಂದಿ ಕೈಕಟ್ಟಿ ಎದುರಿಗೆ ನಿಲ್ಲುವಾಗ ತಾನು ದಾತನೆಂದು ಅವನು ಬಗೆಯುತ್ತಾನೆ. ಶರಣಧರ್ಮದಲ್ಲಿ ಕಾಯಕವನ್ನರಸಿ ಬಂದವನು ಯಾಚಕನಲ್ಲ. ಆಯ್ದಕ್ಕಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಇದ್ದಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನವರು ಪತಿಗೆ ತಿಳಿಹೇಳಿದ ಕಥೆಯನ್ನು ಎಲ್ಲರೂ ಬಲ್ಲರು. ದುಡಿದು ಉಣ್ಣುವವರ ಅಭಿಮಾನ ಅಂಥದು. ಬಾಗಿಲಿಗೆ ಬಂದವನು ತನ್ನ ಬೆವರನ್ನು ಕೊಡಲು ಬಂದಿದ್ದಾನೆ. ಅವನಿಗೆ ಸಲ್ಲಬೇಕಾದುದು ನೇರವಾದ ಮಾತು.

ಇದಕ್ಕೆ ಒಂದು ದೃಷ್ಟಾಂತ. ತುಮಕೂರಿನ ಕಡೆಯ ಸದ್ಭಕ್ತರ ಮನೆತನದ ತರುಣನೊಬ್ಬನು ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ನೇಮಕಾತಿಯ ಕೆಲಸಕ್ಕೆ ಸೇರಿದನು. ಟರ್ನರ್, ಫಿಟ್ಟರ್, ವೆಲ್ಡರ್ ಮುಂತಾದವರನ್ನು ಹುಡುಕಿ ಕರೆತರುವುದು ಅವನ ಪಾಲಿಗೆ ಬಂದಿತ್ತು. ಐಟಿಐ ಮುಗಿಸಿದ ಹುಡುಗರ ಅರ್ಜಿಗಳು ನಾಡಿನ ಮೂಲೆಮೂಲೆಯಿಂದ ಬರುತ್ತಿದ್ದವು. ದಿನವೆಲ್ಲ ಫೋನಿನಲ್ಲಿ ಮಾತನಾಡಿ ಬೇಗಬೇಗ ಜನರನ್ನು ಒದಗಿಸುವನೆಂದು ಮೇಲಿನವರು ಮೆಚ್ಚಿದರು. ತನಗೆ ಮಾತು ಒಲಿದಿದೆಯೆಂದು ಅವನೂ ನಂಬಿದನು.

ಕಲಬುರಗಿಯ ಕಡೆಯಿಂದ ಒಬ್ಬ ಹುಡುಗನು ಟರ್ನರ್ ಕೆಲಸಕ್ಕಾಗಿ ಬಂದನು. ಲೇತಿನ ಮೇಲೆ ಅವನ ಕೈ ಚೆನ್ನಾಗಿತ್ತು, ಮೇಸ್ತ್ರಿಯೂ ಒಪ್ಪಿದನು. ಸಂದರ್ಶನ ಮುಗಿದಾಗ ಅಧಿಕಾರಿಯು ಸಂತೋಷದಿಂದ, "ನಿಮ್ಮದು ಆಯಿತೆಂದೇ ತಿಳಿದುಕೊಳ್ಳಿ, ಪತ್ರ ಬರುತ್ತದೆ" ಎಂದನು. ಆ ಮಾತನ್ನು ಹೇಳುವ ಅಧಿಕಾರ ಅವನಿಗಿರಲಿಲ್ಲ. ಮೇಲಿನವರ ಸಹಿ ಇನ್ನೂ ಆಗಿರಲಿಲ್ಲ. ಹುಡುಗನು ಊರಿಗೆ ಮರಳಿ, ಅಲ್ಲಿ ಸಿಕ್ಕಿದ್ದ ವರ್ಕ್‌ಶಾಪಿನ ಕೆಲಸವನ್ನು ಬೇಡವೆಂದನು. ಅಷ್ಟರಲ್ಲಿ ಕಾರ್ಖಾನೆಗೆ ಬರಬೇಕಾಗಿದ್ದ ಆರ್ಡರು ತಪ್ಪಿ, ಹೊಸ ನೇಮಕಗಳನ್ನು ತಡೆಹಿಡಿಯಬೇಕೆಂದು ಅಪ್ಪಣೆಯಾಯಿತು. ಸ್ಪಷ್ಟವಾದ ಮೇಲೆ ತಿಳಿಸಿದರಾಯಿತೆಂದು ಅಧಿಕಾರಿಯು ಮೊದಲ ದಿನ ಸುಮ್ಮನಾದನು. ಎರಡನೆಯ ವಾರ ಹೇಳಲು ಸಂಕೋಚವಾಯಿತು. ಮೂರನೆಯ ವಾರದಿಂದ ಆ ಹುಡುಗನ ಫೋನು ಬಂದರೆ ಎತ್ತುವುದನ್ನೇ ಬಿಟ್ಟನು. ಯಾರಾದರೂ ಹುಡುಕಿಕೊಂಡು ಬಂದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆಂದು ಹೇಳುವಂತೆ ಗೇಟಿನವನಿಗೆ ತಿಳಿಸಿಟ್ಟಿದ್ದನು.

ಒಂದು ತಿಂಗಳು ಕಳೆಯಿತು. ಒಂದು ದಿನ ಮಧ್ಯಾಹ್ನ ಅವನು ಹೊರಗಿನಿಂದ ಬರುತ್ತಿರುವಾಗ, ಗೇಟಿನ ಬಳಿ ರುಮಾಲು ಸುತ್ತಿದ ಹಿರಿಯರೊಬ್ಬರು ನಿಂತಿದ್ದರು. ಅವರು ಆ ಹುಡುಗನ ತಂದೆ. ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬಂದಿದ್ದರು. ಅವರು ಕೂಗಾಡಲಿಲ್ಲ. "ನೌಕರಿ ಕೊಡ್ರಿ ಅಂತ ಕೇಳಲಾಕ ಬಂದಿಲ್ರೀ, ಸಾಹೇಬ್ರ. ಇಲ್ಲ ಅಂತ ಒಂದ್ ಮಾತ ಹೇಳಿದ್ರ ಆಗ್ತಿತ್ತು. ಹುಡುಗ ಊಟಕ್ಕ ಕುಂತ್ರೂ ಫೋನ್ ಬಾಜೂಕ ಇಟ್ಕೊಂಡೇ ಕುಂದರ್ತಾನ. ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅನ್ರಿ, ಬ್ಯಾರೆ ಕಡಿ ಹಚ್ತೀನಿ" ಎಂದರು. ಅಧಿಕಾರಿಗೆ ಉತ್ತರ ದೊರೆಯಲಿಲ್ಲ. "ಒಳಗೆ ಬನ್ನಿ ಯಜಮಾನರೇ, ನೀರು ಕುಡಿಯಿರಿ" ಎಂದನು. ಅವರು ರೈಲಿಗೆ ಹೊತ್ತಾಯಿತೆಂದು ಹೊರಟುಹೋದರು.

ಅಂದು ಸಂಜೆ ಅವನು ಎಂದಿನಂತೆ ಸ್ನಾನ ಮಾಡಿ, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡು ಕುಳಿತನು. ಮನಸ್ಸು ನಿಲ್ಲಲಿಲ್ಲ. ತಾನು ಆಡಿದ ಮಾತಿಗೂ ಆಡದೆ ಉಳಿಸಿದ ಮಾತಿಗೂ ಈ ಅಂಗೈಯ ಲಿಂಗವು ಅಹುದೆನ್ನುವುದೆ ಎಂಬ ಪ್ರಶ್ನೆಯು ಎದ್ದು ನಿಂತಿತು. ಬಾಲ್ಯದಿಂದ ಬಾಯಲ್ಲಿದ್ದ ವಚನವು ಅಂದು ಮೊದಲ ಬಾರಿಗೆ ಅವನನ್ನೇ ಪ್ರಶ್ನಿಸಿತು. ಅದರ ಒಂದೊಂದು ಹೋಲಿಕೆಯೂ ಈ ಕಾಯಕಕ್ಕೆ ಹೇಗೆ ಅನ್ವಯಿಸುವುದೆಂಬುದನ್ನು ಇನ್ನು ನೋಡಬಹುದು.

ಮೊದಲನೆಯದು ಮುತ್ತು. ಹಾರದಲ್ಲಿ ಮುತ್ತುಗಳು ಒಂದರ ಪಕ್ಕದಲ್ಲೊಂದು ಕ್ರಮವಾಗಿ ನಿಲ್ಲುತ್ತವೆ. ಒಂದು ಉದುರಿದರೂ ಬರಿಯ ದಾರವು ಕಾಣುತ್ತದೆ. ಸಂದರ್ಶನಕ್ಕೆ ಕರೆಯುವ ಮಾತೂ ಹಾಗೆಯೇ ಇರಬೇಕು. ಎಲ್ಲಿಗೆ ಬರಬೇಕು, ಎಷ್ಟು ಗಂಟೆಗೆ, ಯಾರನ್ನು ಕಾಣಬೇಕು, ಯಾವ ಪ್ರಮಾಣಪತ್ರಗಳನ್ನು ತರಬೇಕು, ಎಷ್ಟು ಹೊತ್ತು ಹಿಡಿಯುವುದು, ಫಲವು ಎಂದು ತಿಳಿಯುವುದು ಎಂಬ ಆರು ಸಂಗತಿಗಳಲ್ಲಿ ಒಂದನ್ನು ಬಿಟ್ಟರೂ ದೂರದಿಂದ ಬರುವವನಿಗೆ ಕಷ್ಟ. "ನಾಳೆ ಬನ್ನಿ" ಎಂಬ ಎರಡು ಪದಗಳನ್ನು ಮೊಬೈಲಿಗೆ ಕಳುಹಿಸಲು ಅಧಿಕಾರಿಗೆ ಅರೆಗಳಿಗೆ ಸಾಕು. ಅದಕ್ಕಾಗಿ ಇನ್ನೊಬ್ಬನು ರಜೆ ಹಾಕಿ, ಸಾಲ ಮಾಡಿ ಟಿಕೀಟು ಕೊಂಡು, ರಾತ್ರಿ ನಿದ್ದೆಗೆಟ್ಟು ಬರುತ್ತಾನೆ. ಬಂದ ಮೇಲೆ, ಮೂಲ ಅಂಕಪಟ್ಟಿಯಿಲ್ಲ, ಹೋಗಿ ಬನ್ನಿ ಎಂದರೆ ಆ ಪಾಪವು ಯಾರಿಗೆ ಸೇರುವುದು? ಆದಕಾರಣ ಹೊಸಬನು ಮೊದಲು ಕಲಿಯಬೇಕಾದ ಪಾಠ ಪೂರ್ಣವಾಗಿ ಹೇಳುವುದು.

ಎರಡನೆಯದು ಮಾಣಿಕ್ಯದ ಕಾಂತಿ. ಒಳ್ಳೆಯ ಮಾತು ಕೇಳುವವನ ಮುಖವನ್ನು ಬೆಳಗಿಸುತ್ತದೆ. ಬಂದವನಿಗೆ ಕುಳಿತುಕೊಳ್ಳಲು ಹೇಳುವುದು, ಅವನ ಹೆಸರನ್ನು ಸರಿಯಾಗಿ ಕೇಳಿ ಉಚ್ಚರಿಸುವುದು, ಕೂಲಿಯ ಕೆಲಸಕ್ಕೆ ಬಂದವನನ್ನೂ ಎಂಜಿನಿಯರನನ್ನೂ ಒಂದೇ ಬಹುವಚನದಿಂದ ಮಾತನಾಡಿಸುವುದು, ಅವನಿಗೆ ಬರುವ ಭಾಷೆಯಲ್ಲಿ ಕೇಳುವುದು, ಇವಕ್ಕೆ ಹಣ ಬೇಡ. ಇಂಗ್ಲಿಷಿನಲ್ಲಿ ತಡವರಿಸುವವನ ಕೈಗೆ ಲೇತಿನ ಹಿಡಿಯನ್ನು ಕೊಟ್ಟು ನೋಡಿದರೆ ಅವನ ನಿಜವಾದ ಉತ್ತರ ಅಲ್ಲಿ ಸಿಕ್ಕೀತು. ಅಳುಕಿನಿಂದ ಮಾತು ನಿಂತವನಿಗೆ ಒಂದು ಕ್ಷಣ ಬಿಡುವು ಕೊಟ್ಟು ಕಾಯುವುದೂ ಒಂದು ನುಡಿಯೇ.

ಕಠಿಣ ಪ್ರಶ್ನೆಗಳನ್ನು ಕೇಳಲೇಬಾರದೆ ಎಂಬ ಸಂದೇಹ ಇಲ್ಲಿ ಬರುವುದು ಸಹಜ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವಿದೆ. ಅನುಭವಮಂಟಪದಲ್ಲಿ ಪ್ರಭುದೇವರು ಆ ತಾಯಿಯನ್ನು ಒಂದರ ಮೇಲೊಂದು ನಿಷ್ಠುರ ಪ್ರಶ್ನೆಗಳಿಂದ ಪರೀಕ್ಷಿಸಿದರು. ಒಂದೊಂದು ಪ್ರಶ್ನೆಗೂ ಉತ್ತರಿಸಲು ಆಕೆಗೆ ಪೂರ್ಣ ಅವಕಾಶವಿತ್ತು. ನಡುವೆ ಬಾಯಿ ಹಾಕಿ ತಡೆದವರಿಲ್ಲ. ಪರೀಕ್ಷೆ ಮುಗಿದಾಗ ಆಕೆಯ ನಿಲುವು ಎಷ್ಟು ಎತ್ತರದ್ದೆಂಬುದನ್ನು ಶರಣರು ಆಕೆಯ ಎದುರಿನಲ್ಲಿಯೇ ಬಾಯ್ತುಂಬ ಹೇಳಿ ವಂದಿಸಿದರು. ಒಳಗಿನ ಬೆಳಕನ್ನು ಸಭೆಗೆ ಕಾಣಿಸುವುದು ಆ ಪ್ರಶ್ನೆಗಳ ಉದ್ದೇಶವಾಗಿತ್ತು. ಎದುರಿನವನಲ್ಲಿ ಏನಿದೆಯೆಂಬುದನ್ನು ಹೊರತರುವ ಪ್ರಶ್ನೆ ಎಷ್ಟು ಕಠಿಣವಾದರೂ ದೋಷವಿಲ್ಲ. ತನ್ನ ಜಾಣತನವನ್ನು ಮೆರೆಸುವ ಪ್ರಶ್ನೆ ಎಷ್ಟು ಮೃದುವಾದರೂ ಅದು ಹಿಂಸೆ.

ಪ್ರಭುದೇವರಿಗೆ ಪ್ರಶ್ನಿಸುವ ಅಧಿಕಾರ ಅವರ ಅನುಭಾವದಿಂದ ಬಂದದ್ದು. ನೇಮಕಾತಿ ಅಧಿಕಾರಿಗೆ ಅಂಥ ಅಧಿಕಾರವಿಲ್ಲ. ಕೆಲಸಕ್ಕೆ ಸಂಬಂಧಿಸಿದುದನ್ನಷ್ಟೇ ಅವನು ಕೇಳಬಹುದು. "ನೀವು ಯಾವ ಪೈಕಿ, ನಿಮ್ಮ ಕಡೆಯವರು ಯಾರು" ಎಂದು ಸುತ್ತಿ ಬಳಸಿ ಜಾತಿಯನ್ನು ಕೆದಕುವುದು, ಹೆಣ್ಣುಮಕ್ಕಳನ್ನು ಮದುವೆ ಯಾವಾಗ, ಮಕ್ಕಳು ಯಾವಾಗ ಎಂದು ಕೇಳುವುದು ಅವನಿಗೆ ಸಲ್ಲದು. ಸರ್ಕಾರದ ಉದ್ಯೋಗಗಳಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮುಂತಾದ ಕಾರಣಗಳಿಂದ ಮಾತ್ರವೇ ಭೇದ ಮಾಡಕೂಡದೆಂದು 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 16ನೆಯ ವಿಧಿ ಹೇಳುತ್ತದೆ. ಖಾಸಗಿ ಉದ್ಯೋಗಗಳ ಸ್ಥಿತಿಯನ್ನು ಸುಖದೇವ ಥೋರಟ್ ಮತ್ತು ಪಾಲ್ ಆಟ್‌ವೆಲ್ ಎಂಬ ವಿದ್ವಾಂಸರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಜಾಹೀರಾತುಗಳಿಗೆ ಅರ್ಹತೆಯಲ್ಲಿ ಸಮಾನವಾದ ಅರ್ಜಿಗಳನ್ನು ಬೇರೆ ಬೇರೆ ಸಮುದಾಯಗಳ ಹೆಸರಿನಲ್ಲಿ ಕಳುಹಿಸಿದಾಗ, ಮೇಲ್ಜಾತಿಯ ಹೆಸರಿದ್ದ ಅರ್ಜಿಗಳಿಗಿಂತ ದಲಿತ ಮತ್ತು ಮುಸ್ಲಿಂ ಹೆಸರಿದ್ದ ಅರ್ಜಿಗಳಿಗೆ ಕರೆಗಳು ಕಡಮೆ ಬಂದವು. ಮುಖ ನೋಡುವ ಮೊದಲೇ ಹೆಸರು ನೋಡಿ ಬಾಗಿಲು ಮುಚ್ಚಿದ ಲೆಕ್ಕವಿದು. ಕುಲವನ್ನು ಕೇಳದ ಧರ್ಮದಲ್ಲಿ ಹುಟ್ಟಿದವನು ಈ ಕಾಯಕದಲ್ಲಿ ಕುಳಿತಾಗಲಾದರೂ ತನ್ನ ಕೈಯನ್ನು ತಾನೇ ಪರೀಕ್ಷಿಸಿಕೊಳ್ಳಬೇಡವೆ? ಇದಕ್ಕೆ ಸುಲಭವಾದ ಉಪಾಯವೂ ಉಂಟು. ಒಂದು ಕೆಲಸಕ್ಕೆ ಬಂದವರೆಲ್ಲರಿಗೂ ಮೊದಲೇ ಬರೆದಿಟ್ಟ ಒಂದೇ ಬಗೆಯ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳುವುದು. ಮನಬಂದಂತೆ ಮಾತನಾಡಿಸುವ ಸಂದರ್ಶನಕ್ಕಿಂತ ಹೀಗೆ ಕ್ರಮಬದ್ಧವಾದ ಸಂದರ್ಶನವು ಯೋಗ್ಯರನ್ನು ಹೆಚ್ಚು ಸರಿಯಾಗಿ ಗುರುತಿಸುವುದೆಂದು, 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಷ್ಮಿಟ್ ಮತ್ತು ಹಂಟರ್ ಎಂಬವರು 1998ರಲ್ಲಿ ತೋರಿಸಿದ್ದಾರೆ. ನ್ಯಾಯವೂ ಲಾಭವೂ ಇಲ್ಲಿ ಒಂದೇ ದಾರಿಯಲ್ಲಿವೆ.

ಮೂರನೆಯದು ಸ್ಫಟಿಕ. ಅದರ ಗುಣ ಪಾರದರ್ಶಕತೆ. ಈ ಕಾಯಕದಲ್ಲಿ ಮಾತು ಹೆಚ್ಚಾಗಿ ಮಬ್ಬಾಗುವುದು ಸಂಬಳದ ವಿಷಯದಲ್ಲಿ. "ವರ್ಷಕ್ಕೆ 3 ಲಕ್ಷ" ಎಂದು ಅಧಿಕಾರಿಯು ಹೇಳುತ್ತಾನೆ. ಹುಡುಗನು 12ರಿಂದ ಭಾಗಿಸಿ ತಿಂಗಳಿಗೆ 25,000 ರೂಪಾಯಿ ಎಂದುಕೊಂಡು, ಬಾಡಿಗೆಗೆ ಇಷ್ಟು, ಮನೆಗೆ ಇಷ್ಟು, ತಂಗಿಯ ಓದಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾನೆ. ಆ ಮೂರು ಲಕ್ಷದೊಳಗೆ ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಪಾಲು, ಗ್ರಾಚ್ಯುಯಿಟಿ, ವರ್ಷಕ್ಕೊಮ್ಮೆ ಬರುವ ಬೋನಸ್ಸು ಎಲ್ಲವೂ ಸೇರಿರುವುದುಂಟು. ನೌಕರನ ಪಾಲಿನ ಭವಿಷ್ಯನಿಧಿಯೂ ಕಡಿತವಾಗುತ್ತದೆ. ಮೂಲವೇತನವು 15,000 ಇದ್ದರೆ ನೂರಕ್ಕೆ 12ರಂತೆ ಇಬ್ಬರ ಪಾಲೂ 1,800, 1,800. ಕೊನೆಗೆ ಕೈಗೆ ಬರುವುದು 19,000ದ ಆಚೀಚೆ. ಅಧಿಕಾರಿಯು ಹೇಳಿದ್ದು ಸುಳ್ಳಲ್ಲ. ಆದರೆ ಕೇಳಿದವನ ಮನಸ್ಸಿನಲ್ಲಿ ಮೂಡಿದ್ದು ಸುಳ್ಳು. ಅದನ್ನು ಕಂಡೂ ತಿದ್ದದಿದ್ದರೆ ಆ ಸುಳ್ಳಿನ ಭಾರ ಹೇಳಿದವನದೇ. "ತಿಂಗಳಿಗೆ ಕೈಗೆ ಬರುವುದು ಇಷ್ಟು, ರಾತ್ರಿ ಪಾಳಿ ಇಂತಿಷ್ಟು ದಿನ, ಮೊದಲು ಗುತ್ತಿಗೆಯ ಮೇಲೆ, ಕಾಯಮಾತಿಯ ಭರವಸೆ ಇಲ್ಲ" ಎಂದು ಮೊದಲೇ ಬಿಡಿಸಿ ಹೇಳಿದರೆ, ಕೇಳಿ ಹಿಂದೆ ಸರಿಯುವವರು ಕೆಲವರಿರಬಹುದು. ಉಳಿದವರು ಅರಿತು ಬರುತ್ತಾರೆ, ಬಂದು ನಿಲ್ಲುತ್ತಾರೆ. ಕೆಲಸ ಕೊಡಿಸುವೆನೆಂದು ಮುಂಗಡ ಹಣ ಕೇಳುವ ಮೋಸಗಾರರು ತುಂಬಿರುವ ಈ ಕಾಲದಲ್ಲಿ, ತಮ್ಮಲ್ಲಿ ಯಾರಿಗೂ ಒಂದು ಕಾಸನ್ನೂ ಕೊಡಬೇಕಾಗಿಲ್ಲವೆಂಬ ಮಾತನ್ನೂ ಕರೆಯುವಾಗಲೇ ಸೇರಿಸಿ ಹೇಳುವುದು ಲೇಸು.

ನಾಲ್ಕನೆಯದು ಲಿಂಗದ ಒಪ್ಪಿಗೆ. ಹಿಂದಿನ ಮೂರನ್ನೂ ಅಭ್ಯಾಸದಿಂದ ಕಲಿಯಬಹುದು. ಚತುರನಾದ ವ್ಯಾಪಾರಿಯೂ ಕಲಿತಾನು. ಇದು ಅಂತರಂಗದ ಮಾತು. ಯಾರೂ ಕೇಳದ, ಯಾರೂ ಲೆಕ್ಕವಿಡದ ಸ್ಥಳದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಆಯ್ಕೆಯಾದವನಿಗೆ ಸಿಹಿಸುದ್ದಿ ಹೇಳಲು ಎಲ್ಲರಿಗೂ ಬಾಯಿ ಬರುತ್ತದೆ. ಆಗದವನಿಗೆ ಇಲ್ಲವೆಂದು ತಿಳಿಸುವುದರಿಂದ ಕಾರ್ಖಾನೆಗೆ ಲಾಭವಿಲ್ಲ, ಮೇಲಿನವರ ಮೆಚ್ಚುಗೆಯಿಲ್ಲ. ಕೇಳಿದವನಿಂದ ಎರಡು ಕಟು ಮಾತು ಬಂದರೂ ಬಂದೀತು. ಆದ್ದರಿಂದ ಹೊಸಬನು ಮೌನದ ಮರೆಯಲ್ಲಿ ಅಡಗುತ್ತಾನೆ, ಅದನ್ನು ದಾಕ್ಷಿಣ್ಯವೆಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಶರಣರೂ ಮೌನವನ್ನು ಕೊಂಡಾಡಿದ್ದಾರೆ. ಅದು ಮಾತಿಗೆ ಮೀರಿದ ನಿಲುವಿನ ಮೌನ. ಹೇಳಬೇಕಾದುದನ್ನು ಹೇಳಲು ಅಂಜಿ ಸುಮ್ಮನಿರುವುದು ಆ ಮೌನವಲ್ಲ. ಇಲ್ಲವೆಂಬ ಮಾತು ಕೇಳಿದವನು ಒಂದು ದಿನ ನೊಂದು ಮರುದಿನ ಬೇರೆ ದಾರಿ ಹಿಡಿಯುತ್ತಾನೆ. ಉತ್ತರವೇ ಬಾರದವನು ಹಿಂದೆಯೂ ಹೋಗಲಾರ, ಮುಂದೆಯೂ ಹೋಗಲಾರ. ಅವನ ದಿನಗಳನ್ನು ಯಾರೋ ಕದ್ದಂತಾಗುತ್ತದೆ. ಅನ್ನವನ್ನು ಕೊಡಲಾರದವನು ಕಾಲವನ್ನಾದರೂ ಕದಿಯಬಾರದು.

ಇಲ್ಲವೆಂದು ಹೇಳುವುದಕ್ಕೂ ಒಂದು ರೀತಿಯಿದೆ. ಹೇಳಿದ ದಿನಕ್ಕೆ ತಪ್ಪದೆ, ಮೊದಲ ಮಾತಿನಲ್ಲಿಯೇ ಸಂಗತಿಯನ್ನು ತಿಳಿಸಬೇಕು. ಹೊಗಳಿಕೆಯಲ್ಲಿ ಸುತ್ತಿಟ್ಟರೆ ಕೇಳುವವನಿಗೆ ಆಯಿತೋ ಇಲ್ಲವೋ ತಿಳಿಯದು. ಕಾರಣವೊಂದನ್ನು ನಿಜವಾಗಿ, ಅವನಿಗೆ ಉಪಯೋಗವಾಗುವಂತೆ ಹೇಳಬೇಕು. "ನಕ್ಷೆ ಓದುವುದರಲ್ಲಿ ಇನ್ನೂ ಅಭ್ಯಾಸ ಬೇಕು" ಎಂದರೆ ಅವನು ಕಲಿತಾನು. ಮುಂದೆ ಕರೆಯುವ ಯೋಚನೆಯಿಲ್ಲದಿದ್ದರೆ ಕರೆಯುತ್ತೇವೆಂದು ಹೇಳಬಾರದು. ತನ್ನ ಕೈಯಲ್ಲಿಲ್ಲದುದನ್ನು, "ಇದು ನನ್ನ ಕೈಯಲ್ಲಿಲ್ಲ, ಮೇಲಿನವರು ತೀರ್ಮಾನಿಸಬೇಕು, ಇಂಥ ದಿನ ನಾನೇ ತಿಳಿಸುತ್ತೇನೆ" ಎಂದು ಒಪ್ಪಿಕೊಂಡರೆ ಅವನ ಗೌರವ ಕುಂದದು. ಆ ದಿನ ಬಂದಾಗ ಇನ್ನೂ ತೀರ್ಮಾನವಾಗಿಲ್ಲದಿದ್ದರೆ, ತೀರ್ಮಾನವಾಗಿಲ್ಲವೆಂಬುದನ್ನಾದರೂ ತಿಳಿಸಬೇಕು.

ವಚನದ ಕೊನೆಯ ಮಾತು ನಡೆಯನ್ನು ಕುರಿತದ್ದು. ಪೀಣ್ಯದ ಆ ತರುಣನು ಮಾರನೆಯ ಬೆಳಗ್ಗೆ ತಾನು ಉತ್ತರ ಕೊಡದೆ ಬಿಟ್ಟವರ ಪಟ್ಟಿಯನ್ನು ಮಾಡಿದನು. ಹನ್ನೊಂದು ಹೆಸರುಗಳಾದವು. ಒಬ್ಬೊಬ್ಬರಿಗೂ ತಾನೇ ಫೋನು ಮಾಡಿ, ಕೆಲಸವಿಲ್ಲವೆಂಬುದನ್ನೂ ತಿಳಿಸದೆ ಇದ್ದದ್ದು ತನ್ನ ತಪ್ಪೆಂಬುದನ್ನೂ ಹೇಳಿದನು. ಇಬ್ಬರು ಬೈದರು. ಕೆಲವರು ಆಗಲೇ ಬೇರೆಡೆ ಸೇರಿದ್ದರು. ಒಬ್ಬನಿಗೆ ಇವನು ಯಾರೆಂಬುದೇ ಮರೆತಿತ್ತು. ಕಲಬುರಗಿಯ ಹುಡುಗನಿಗೆ ಮಾಡುವಾಗ ಕೈ ನಡುಗಿತು. ಅವನು ಎಲ್ಲವನ್ನೂ ಕೇಳಿ, "ಅಡ್ಡಿಯಿಲ್ರೀ ಸರ, ಹೇಳಿದ್ರಲ್ಲ" ಎಂದಷ್ಟೇ ಹೇಳಿದನು. ಅವನು ಬಿಟ್ಟುಕೊಟ್ಟ ವರ್ಕ್‌ಶಾಪಿನ ಕೆಲಸಕ್ಕೆ ಆ ವೇಳೆಗೆ ಬೇರೊಬ್ಬನು ಸೇರಿಯಾಗಿತ್ತು. ಅದನ್ನು ಹಿಂದಕ್ಕೆ ತಂದುಕೊಡಲು ಈ ಅಧಿಕಾರಿಯ ಯಾವ ಮಾತಿಗೂ ಶಕ್ತಿಯಿರಲಿಲ್ಲ. ಪಶ್ಚಾತ್ತಾಪವು ಕಳೆದುದನ್ನು ಮರಳಿಸದು. ಮುಂದೆ ಬರುವವನನ್ನು ಕಾಪಾಡಬಲ್ಲದು. ಅಂದಿನಿಂದ ಅವನು ಸಹಿಯಾಗದ ಮುನ್ನ "ಆಯಿತು" ಎನ್ನುವುದನ್ನು ಬಿಟ್ಟನು. ಶನಿವಾರ ಸಂಜೆ ಕಚೇರಿಯಿಂದ ಏಳುವ ಮುನ್ನ, ಆ ವಾರ ಬಂದವರಲ್ಲಿ ಉತ್ತರ ಸಿಗದವರು ಯಾರೂ ಉಳಿದಿಲ್ಲವೆಂಬುದನ್ನು ನೋಡಿಕೊಂಡೇ ಏಳುವನು. ಗೇಟಿನವನಿಗೆ ಕಲಿಸಿದ್ದ ಸುಳ್ಳನ್ನೂ ಹಿಂದೆಗೆದುಕೊಂಡನು.

ಈ ವಿಚಾರವು ಕಾರ್ಖಾನೆಯ ಅಧಿಕಾರಿಗಳಿಗೆ ಮಾತ್ರ ಸಂಬಂಧಿಸಿದುದೆಂದು ಗೃಹಸ್ಥರು ತಿಳಿಯಬಾರದು. ಅಂಗಡಿಗೆ ಹುಡುಗನನ್ನು ಇಟ್ಟುಕೊಳ್ಳುವ ವರ್ತಕರು, ಹೊಲಕ್ಕೆ ಆಳುಗಳನ್ನು ಕರೆಯುವ ರೈತರು, ಮನೆಗೆಲಸಕ್ಕೆ ಹೆಣ್ಣುಮಗಳನ್ನು ಗೊತ್ತು ಮಾಡುವ ತಾಯಂದಿರು ಎಲ್ಲರೂ ಒಂದಲ್ಲ ಒಂದು ದಿನ ಈ ಪೀಠದಲ್ಲಿ ಕುಳಿತವರೇ. ಹೆಣ್ಣು ನೋಡಲು ಹೋಗಿ, ಅವಲಕ್ಕಿ ತಿಂದು, "ಆಮೇಲೆ ತಿಳಿಸುತ್ತೇವೆ" ಎಂದು ಬಂದು ತಿಂಗಳುಗಟ್ಟಲೆ ಸುಮ್ಮನಿರುವ ಮನೆಗಳೆಷ್ಟಿಲ್ಲ! ಆ ಮನೆಯ ಮಗಳು ಬಾಗಿಲ ಸದ್ದಿಗೆ ಕಿವಿಗೊಟ್ಟು ಕುಳಿತಿರುವುದು, ಕಲಬುರಗಿಯ ಆ ಹುಡುಗನು ಫೋನನ್ನು ಪಕ್ಕದಲ್ಲಿಟ್ಟುಕೊಂಡು ಉಣ್ಣುತ್ತಿದ್ದುದು ಎರಡೂ ಒಂದೇ ನೋವು. ಯಾರಿಗಾದರೂ ಕೊಡಬೇಕಾದ ಉತ್ತರವನ್ನು ಬಾಕಿ ಉಳಿಸಿಕೊಂಡಿರುವವರು ಈ ರಾತ್ರಿಯ ಪೂಜೆಗೆ ಕುಳಿತುಕೊಳ್ಳುವ ಮೊದಲೇ ಅದನ್ನು ತೀರಿಸಲಿ. ಬಸವಾದಿ ಪ್ರಮಥರು ಎಲ್ಲರ ನುಡಿಯಲ್ಲಿಯೂ ನಡೆಯಲ್ಲಿಯೂ ನೆಲಸಿ ಹರಸಲಿ.